ಕಾಪಿ ಹಿಡಿಯುವ ಟೂಲ್‌ಗಳಿಗೆ ಕೊಡಗಿನ ಕನ್ನಡ ಬರಹ ಯಾಕೆ ಸಿಗುವುದಿಲ್ಲ?

ಸೆಪ್ಟೆಂಬರ್ ಬಂದರೆ ಕೈಲ್‌ಪೊಳ್ದ್, ಅಕ್ಟೋಬರ್‌ನಲ್ಲಿ ತಲಕಾವೇರಿ ತೀರ್ಥೋದ್ಭವ, ಚಳಿ ಶುರುವಾದ ಮೇಲೆ ಹುತ್ತರಿ. ಈ ಹಬ್ಬಗಳ ಹೊತ್ತಿಗೆ ಇಂಟರ್‌ನೆಟ್‌ನಲ್ಲಿ ಕೊಡಗಿನ ಬರಹಗಳು ಜಾಸ್ತಿಯಾಗುತ್ತವೆ. ಅವುಗಳಲ್ಲಿ ಎಷ್ಟೋ ಹೋದ ವರ್ಷದವೇ. ಪ್ಯಾರಾ ಅದೇ, ಕಾಗುಣಿತದ ತಪ್ಪೂ ಅದೇ. ಬರೆದವರ ಹೆಸರು ಮಾತ್ರ ಇರುವುದಿಲ್ಲ. ಹೋಂಸ್ಟೇ ವೆಬ್‌ಸೈಟುಗಳಲ್ಲೂ ಹಾಗೆಯೇ. ದುಬಾರೆ, ರಾಜಾಸೀಟ್, ಭಾಗಮಂಡಲದ ಬಗ್ಗೆ ಯಾರೋ ಒಬ್ಬರು ಕೂತು ಬರೆದದ್ದು ಹತ್ತಾರು ಕಡೆ ಕಾಣುತ್ತದೆ.

ಇದನ್ನು ಹಿಡಿಯುವ ಟೂಲ್‌ಗಳಿವೆ ಅಲ್ವಾ ಎಂದು ಕೇಳಬಹುದು. ಇವೆ, ಮೂವತ್ತು ವರ್ಷದಿಂದಲೂ ಇವೆ. ಆದರೆ ಅವು ಇಂಗ್ಲಿಷ್ ಬರಹವನ್ನು ಮುಂದಿಟ್ಟುಕೊಂಡು ಬೆಳೆದವು. ಅದಕ್ಕೇ ನಮ್ಮ ಬರಹ ಅವುಗಳ ಕೈಗೆ ಸರಿಯಾಗಿ ಸಿಗುವುದಿಲ್ಲ.

1994ರಲ್ಲಿ ಅಮೆರಿಕದ ಅರಿಝೋನಾ ವಿಶ್ವವಿದ್ಯಾಲಯದ ಉಡಿ ಮ್ಯಾನ್ಬರ್, ಕಂಪ್ಯೂಟರಿನಲ್ಲಿ ತುಂಬಿರುವ ಫೈಲುಗಳ ನಡುವೆ ಒಂದನ್ನೊಂದು ಹೋಲುವಂಥವನ್ನು ಹುಡುಕುವ ಪ್ರೋಗ್ರಾಂ ಬರೆದರು. ಮರುವರ್ಷ ಸ್ಟ್ಯಾನ್‌ಫರ್ಡ್‌ನಲ್ಲಿ ಡಿಜಿಟಲ್ ಬರಹಗಳ ಕಾಪಿ ಪತ್ತೆ ಮಾಡುವ ವ್ಯವಸ್ಥೆಯ ಬಗ್ಗೆ ಒಂದು ಪ್ರಬಂಧ ಬಂತು. ಅದನ್ನು ಬರೆದ ಮೂವರಲ್ಲಿ ಒಬ್ಬರು ಮುಂದೆ ಗೂಗಲ್ ಕಟ್ಟಿದ ಸರ್ಗೇ ಬ್ರಿನ್. ಗೂಗಲ್ ಕಂಪನಿ ಶುರುವಾಗಲು ಇನ್ನೂ ಮೂರು ವರ್ಷ ಇತ್ತು. 1997ರಲ್ಲಿ ಆಂಡ್ರೇ ಬ್ರೋಡರ್ ಮತ್ತು ಜೊತೆಗಾರರು ಸುಮಾರು 3 ಕೋಟಿ ವೆಬ್ ಪುಟಗಳನ್ನು ಹೋಲಿಸಿ ನೋಡಿದರು. ಅವರ ಉಪಾಯ ಇವತ್ತಿಗೂ ಈ ಟೂಲ್‌ಗಳ ಬೆನ್ನೆಲುಬು. ಬರಹವನ್ನು ಕೆಲವು ಪದಗಳ ಸಣ್ಣ ಸಣ್ಣ ತುಂಡು ಮಾಡಬೇಕು. ಮಾಡಿನ ಹೆಂಚಿನ ಹಾಗೆ ಒಂದು ತುಂಡು ಇನ್ನೊಂದರ ಮೇಲೆ ಸ್ವಲ್ಪ ಹತ್ತಿಕೊಂಡಿರಬೇಕು. ಎರಡು ಪುಟಗಳಲ್ಲಿ ಒಂದೇ ಥರದ ತುಂಡುಗಳು ಎಷ್ಟಿವೆ ಎಂದು ಎಣಿಸಿದರೆ ಹೋಲಿಕೆ ಗೊತ್ತಾಗುತ್ತದೆ.

ಕನ್ನಡದಲ್ಲಿ ಮಾಡಿ ನೋಡೋಣ. ‘ಹುತ್ತರಿ ರಾತ್ರಿ ಮನೆಯವರೆಲ್ಲ ಗದ್ದೆಗೆ ಹೋಗಿ ಕದಿರು ತೆಗೆಯುತ್ತಾರೆ.’ ಏಳು ಪದ. ಮೂರು ಮೂರು ಪದದ ಹಾಗೆ ತೆಗೆದರೆ ಐದು ತುಂಡು. ಈಗ ಕದ್ದವರು ಸುಮ್ನೆ ಹೀಗೆ ತಿದ್ದುತ್ತಾರೆ: ‘ಪುತ್ತರಿಯ ರಾತ್ರಿ ಮನೆಮಂದಿ ಗದ್ದೆಗೆ ಹೋಗಿ ಕದಿರನ್ನು ತೆಗೆಯುತ್ತಾರೆ.’ ಓದುವವರಿಗೆ ಎರಡೂ ಒಂದೇ ವಾಕ್ಯ. ಆದರೆ ಐದು ತುಂಡುಗಳಲ್ಲಿ ಒಂದೂ ಹೊಂದುವುದಿಲ್ಲ. ಇಂಗ್ಲಿಷಿನಲ್ಲಿ ನಾಮಪದ ಹೆಚ್ಚು ರೂಪ ಬದಲಿಸುವುದಿಲ್ಲ. ನಮ್ಮಲ್ಲಿ ಒಂದು ಪ್ರತ್ಯಯ ಅಂಟಿದರೆ ಸಾಕು, ಮೆಷಿನ್‌ಗೆ ಅದು ಬೇರೆಯೇ ಪದ. ಜೊತೆಗೆ ಹುತ್ತರಿ–ಪುತ್ತರಿ, ವಿರಾಜಪೇಟೆ–ವೀರಾಜಪೇಟೆ ಎಂದು ಎರಡೆರಡು ರೂಪ ಬಳಕೆಯಲ್ಲಿವೆ.

ಇನ್ನೂ ಆಳಕ್ಕೆ ಹೋದರೆ ಅಕ್ಷರದಲ್ಲೇ ತೊಡಕಿದೆ. ‘ಕೊಡಗು’ ಎಂಬ ಪದದ ಮೊದಲ ಅಕ್ಷರವನ್ನೇ ತೆಗೆದುಕೊಳ್ಳಿ. ಯೂನಿಕೋಡ್ ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಒಂದೊಂದು ಸಂಖ್ಯೆ, ಅಂದರೆ ಕೋಡ್, ಕೊಡುವ ಪದ್ಧತಿ. ಅದರಲ್ಲಿ ಒಕಾರದ ಚಿಹ್ನೆಗೆ ಒಂದೇ ಕೋಡ್ ಇದೆ. ಎಕಾರದ ಚಿಹ್ನೆ, ಊಕಾರದ ಚಿಹ್ನೆ ಎಂದು ಎರಡು ಕೋಡ್ ಸೇರಿಸಿಯೂ ಅದನ್ನೇ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಹೋಲಿಸುವ ಮೊದಲು ಟೂಲ್ ಎರಡನ್ನೂ ಒಂದೇ ರೂಪಕ್ಕೆ ತರದಿದ್ದರೆ ಅವು ಬೇರೆ ಬೇರೆ ಪದಗಳಾಗಿಬಿಡುತ್ತವೆ.

ಇಷ್ಟೆಲ್ಲ ಯೂನಿಕೋಡ್‌ನಲ್ಲಿರುವ ಬರಹದ ಮಾತಾಯಿತು. 1998ರಲ್ಲಿ ‘ಬರಹ’ ತಂತ್ರಾಂಶ ಬಂತು, ನಂತರ ‘ನುಡಿ’ ಬಂತು. ಕನ್ನಡ ಟೈಪಿಂಗ್ ಮನೆ ಮನೆಗೆ ಮುಟ್ಟಿದ್ದು ಇವುಗಳಿಂದ. ಆ ಉಪಕಾರ ದೊಡ್ಡದು. ಆದರೆ ಡಿಟಿಪಿಯಲ್ಲಿ ಬಹಳ ಕಾಲ ನಡೆದದ್ದು ಹಳೆಯ ಆಸ್ಕಿ ಫಾಂಟುಗಳು. ಅವುಗಳಲ್ಲಿ ಕನ್ನಡ ಕಾಣುತ್ತದೆ, ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕೋಡ್. ಅಂಥ ಫೈಲನ್ನು ಪಿಡಿಎಫ್ ಮಾಡಿ ನೆಟ್‌ಗೆ ಹಾಕಿದರೆ ಸರ್ಚ್ ಎಂಜಿನ್‌ಗೆ ಕನ್ನಡವೇ ಸಿಗುವುದಿಲ್ಲ. ಅದನ್ನು ನೋಡಿಕೊಂಡು ಬೇರೊಬ್ಬರು ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಹಾಕಿದರೆ, ಮೆಷಿನ್ ಲೆಕ್ಕದಲ್ಲಿ ಮೂಲ ಬರಹ ಅವರದ್ದೇ! ಇಡೀ ವಿಷಯದಲ್ಲಿ ನನಗೆ ತುಂಬಾ ಬೇಸರ ತರಿಸುವುದು ಇದು. ಊರೂರು ಅಲೆದು, ಹಿರಿಯರನ್ನು ಕೇಳಿ ಬರೆದವರ ಶ್ರಮ ಹೀಗೆ ಅಳಿಸಿಹೋಗಬಾರದು.

ಇತ್ತ ಟೂಲ್‌ಗಳು ವ್ಯಾಪಾರವಾಗಿ ಬೆಳೆದವು. ಟರ್ನಿಟಿನ್ ಕಂಪನಿ 1998ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ ಶುರುವಾಯಿತು. ಅದರ ಗಮನ ಕಾಲೇಜುಗಳ ಕಡೆಗಿತ್ತು. ವೆಬ್‌ಸೈಟ್ ನಡೆಸುವವರಿಗೆ ಅನುಕೂಲವಾದದ್ದು 2004ರ ಕಾಪಿಸ್ಕೇಪ್. ನಿಮ್ಮ ಪುಟದ ವಿಳಾಸ ಕೊಟ್ಟರೆ ಅದೇ ಬರಹ ಇನ್ನೆಲ್ಲಿದೆ ಎಂದು ತೋರಿಸುತ್ತದೆ. ನಮ್ಮಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲಿ ಕೃತಿಚೌರ್ಯದ ನಿಯಮ ತಂದಿತು. ಹೋಲಿಕೆ 10 ಪರ್ಸೆಂಟ್‌ವರೆಗೆ ಇದ್ದರೆ ದಂಡನೆ ಇಲ್ಲ, ಅದಕ್ಕಿಂತ ಹೆಚ್ಚಾದಂತೆ ಕ್ರಮವೂ ಬಿಗಿ. 2019ರಲ್ಲಿ ‘ಶೋಧಶುದ್ಧಿ’ ಯೋಜನೆಯಡಿ ವಿಶ್ವವಿದ್ಯಾಲಯಗಳಿಗೆ ಟೂಲ್ ಕೊಟ್ಟರು. ಸೋಮವಾರಪೇಟೆಯಲ್ಲಿ ಕೂತು ಸ್ಥಳಪುರಾಣ ಬರೆಯುವವರಿಗೆ ಅದರಿಂದ ಏನೂ ಸಿಗಲಿಲ್ಲ.

2011ರಲ್ಲಿ ಎರಡು ಸಂಗತಿ ನಡೆದವು. ಫೆಬ್ರವರಿಯಲ್ಲಿ ಗೂಗಲ್ ‘ಪಾಂಡಾ’ ಎಂಬ ಬದಲಾವಣೆ ತಂದು, ಹುರುಳಿಲ್ಲದ, ಕಾಪಿ ಹೊಡೆದ ಪುಟಗಳನ್ನು ಹುಡುಕಾಟದಲ್ಲಿ ಕೆಳಕ್ಕೆ ತಳ್ಳಲು ಹೊರಟಿತು. ಜೂನ್‌ನಲ್ಲಿ ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಬಂತು. ಒಂದು ಬಾಗಿಲು ಹಾಕುತ್ತಿರುವಾಗಲೇ ಇನ್ನೊಂದು ತೆರೆಯಿತು ಎನ್ನಬೇಕು. ಕನ್ನಡದ ಲೇಖನವನ್ನು ಇಂಗ್ಲಿಷಿಗೆ ತಿರುಗಿಸಿ ಸ್ವಲ್ಪ ತಿದ್ದಿದರೆ ಪದದ ತುಂಡು ಎಣಿಸುವ ಟೂಲ್ ಏನೂ ಮಾಡಲಾರದು. ಪದ ಬಿಟ್ಟು ಅರ್ಥವನ್ನೇ ಹೋಲಿಸುವ ಹೊಸ ವಿಧಾನಗಳು ಬಂದಿವೆ, ಅವುಗಳಿಂದ ಭರವಸೆಯಿದೆ. ಇನ್ನು ವಾಟ್ಸಾಪ್ ಒಳಗೆ ಯಾವ ಟೂಲೂ ಇಣುಕಲಾಗದು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದಾಗ ಕಣ್ಣಾರೆ ಕಂಡವರು ಬರೆದ ಸಾಲುಗಳು ಹೆಸರಿಲ್ಲದೆ ಊರೆಲ್ಲ ಸುತ್ತಿದವು.

ಸದ್ಯಕ್ಕೆ ಕನ್ನಡಕ್ಕೆ ಒಗ್ಗುವ ದಾರಿ ಹಳೆಯದೇ. ನಿಮ್ಮ ಬರಹದಲ್ಲಿ ಬೇರೆಯವರು ಬರೆಯಲಾರದಂಥ ಒಂದು ಸಾಲು ಆರಿಸಿ, ಉದ್ಧರಣ ಚಿಹ್ನೆಯ ಒಳಗೆ ಹಾಕಿ ಹುಡುಕಿ. ಊರಿನ ಹೆಸರಿದ್ದರೆ ಅದರ ಇನ್ನೊಂದು ರೂಪದಲ್ಲೂ ಹುಡುಕಿ. ಸಿಕ್ಕರೆ ಆ ಪುಟವನ್ನು, ವೆಬ್ ಪುಟಗಳ ನಕಲು ಕಾಪಿಡುವ ವೇಬ್ಯಾಕ್ ಮೆಷಿನ್ ತಾಣದಲ್ಲಿ ಉಳಿಸಿಕೊಳ್ಳಿ, ತಾರೀಕಿನ ಸಮೇತ ನಿಲ್ಲುತ್ತದೆ. ನಿಮ್ಮ ಪುಟವನ್ನೂ ಹಾಕಿದ ದಿನವೇ ಹಾಗೆ ಉಳಿಸಿ.

ಕಾನೂನಿನ ಬಲವೂ ಇದೆ. ಬರೆದ ಕೂಡಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಆದರೆ ಕಾಳುಮೆಣಸಿನ ದರ, ಮಳೆಯ ಇಂಚು ಯಾರ ಸ್ವತ್ತೂ ಅಲ್ಲ. ಹಕ್ಕಿರುವುದು ನೀವು ಬರೆದ ರೀತಿಯ ಮೇಲೆ. ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಮತ್ತು 2013ರ ನಿಯಮಗಳ ಪ್ರಕಾರ, ಬೇರೆಯವರ ಬರಹ ಇಟ್ಟುಕೊಂಡ ತಾಣಕ್ಕೆ ಲಿಖಿತ ದೂರು ಕೊಡಬಹುದು. ದೂರು ಸರಿ ಎನಿಸಿದರೆ ಅದು 36 ಗಂಟೆಯೊಳಗೆ ಆ ಬರಹವನ್ನು ತಡೆಹಿಡಿಯಬೇಕು. ಆ ತಡೆ ಮುಂದುವರಿಯಬೇಕಾದರೆ ಕೋರ್ಟ್ ಆದೇಶ ತರಲು ನಿಮಗೆ 21 ದಿನ ಇರುತ್ತದೆ. ದೂರಿನ ಜೊತೆ ಮೂಲ ಬರಹ ನಿಮ್ಮದೇ ಎಂದು ತೋರಿಸಬೇಕು.

ಅದಕ್ಕೇ ಹಳೆಯ ಫೈಲುಗಳ ವಿಷಯ ತುರ್ತಿನದು. ಆಸ್ಕಿಯನ್ನು ಯೂನಿಕೋಡ್‌ಗೆ ಬದಲಿಸುವ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ಒತ್ತಕ್ಷರಗಳಲ್ಲಿ ಅಲ್ಲಲ್ಲಿ ತಪ್ಪಾಗುತ್ತದೆ, ಯಾರಾದರೂ ಕೂತು ಓದಿ ತಿದ್ದಬೇಕು. ಮಡಿಕೇರಿ, ವಿರಾಜಪೇಟೆಯ ಪ್ರೆಸ್ಸುಗಳ ಕಂಪ್ಯೂಟರುಗಳಲ್ಲಿ ಸಂಘಗಳ ಸ್ಮರಣ ಸಂಚಿಕೆಗಳು, ಪತ್ರಿಕೆಗಳ ಹಳೆಯ ಪುಟಗಳು ಇನ್ನೂ ಇದ್ದರೆ, ಹಾರ್ಡ್ ಡಿಸ್ಕ್ ಕೆಡುವ ಮೊದಲು ಈ ಕೆಲಸ ಶುರುವಾಗಬೇಕು. ಬರೆದವರ ಹೆಸರು, ಅಚ್ಚಾದ ವರ್ಷ ಎರಡನ್ನೂ ಪ್ರತಿ ಪುಟದಲ್ಲೇ ಹಾಕಿ ನೆಟ್‌ಗೆ ಏರಿಸಬೇಕು.