ಜರ್ಮನಿಯ ಯೆಹೂದಿಗಳು ಸಮಯವಿದ್ದಾಗಲೇ ದೇಶ ಬಿಟ್ಟು ಏಕೆ ಹೋಗಲಿಲ್ಲ?

ಅರ್ಧಕ್ಕಿಂತ ಹೆಚ್ಚು ಜನ ಹೋದರು. 1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರ ಹಿಡಿದಾಗ ಜರ್ಮನಿಯಲ್ಲಿ ಸುಮಾರು 5,23,000 ಯೆಹೂದಿಗಳಿದ್ದರು. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾಗುವ ಹೊತ್ತಿಗೆ ಸುಮಾರು 2,82,000 ಮಂದಿ ಹೊರಟುಹೋಗಿದ್ದರು. ಉಳಿದವರಿಗೆ ಅಪಾಯ ತಿಳಿಯಲಿಲ್ಲ ಎಂದು ಈಗ ಕೂತು ಹೇಳುವುದು ಅನ್ಯಾಯ. ಅವರನ್ನು ತಡೆದದ್ದು ಬಹುಮಟ್ಟಿಗೆ ಹಣ ಮತ್ತು ಕಾಗದಪತ್ರ.

ಮೊದಲು ಹಣದ ಮಾತು. ದೇಶ ಬಿಡುವವರ ಮೇಲಿನ ತೆರಿಗೆ ಹುಟ್ಟಿದ್ದು ನಾಜಿಗಳಿಗೂ ಮುಂಚೆ, 1931ರಲ್ಲಿ. ಆಗ ಅದು 2 ಲಕ್ಷ ಮಾರ್ಕ್ ಮೀರಿದ ಆಸ್ತಿಗೆ ಮಾತ್ರ ತಗಲುತ್ತಿತ್ತು. 1934ರಲ್ಲಿ ನಾಜಿಗಳು ಆ ಮಿತಿಯನ್ನು 50,000ಕ್ಕೆ ಇಳಿಸಿದರು. ಆಸ್ತಿಯ ಕಾಲುಭಾಗ ಅಲ್ಲೇ ಹೋಯಿತು. ಮಿಕ್ಕದ್ದು ಬ್ಯಾಂಕಿನಲ್ಲಿ ಸ್ಥಗಿತ. ಅದನ್ನು ವಿದೇಶಿ ಹಣವಾಗಿ ಬದಲಿಸಲು ಹೋದರೆ 1934ರ ಆರಂಭದಲ್ಲಿ ನೂರಕ್ಕೆ 20ರಷ್ಟು, 1939ರ ಸೆಪ್ಟೆಂಬರಿನಲ್ಲಿ 96ರಷ್ಟು ಮುರಿದುಕೊಳ್ಳುತ್ತಿದ್ದರು. ಕೈಯಲ್ಲಿ ಒಯ್ಯಬಹುದಾಗಿದ್ದ ನಗದು ಕೊನೆಗೆ 10 ಮಾರ್ಕ್. ಬರಿಗೈಯಲ್ಲಿ ಬಂದವರನ್ನು ಬೇರೆ ದೇಶಗಳು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಓಡಿಸಬೇಕೆಂದವರೇ ಹೊರಡುವ ದಾರಿಯನ್ನೂ ಹೀಗೆ ಮುಚ್ಚಿದ್ದರು.

ಇನ್ನು ವೀಸಾ. ಅಮೆರಿಕಕ್ಕೆ ಹೋಗಬೇಕಾದರೆ ದೂತಾವಾಸದಲ್ಲಿ ಸರದಿ ಸಂಖ್ಯೆ, ಅಲ್ಲಿನ ಬಂಧುವೊಬ್ಬರ ಹೊಣೆಪತ್ರ ಮತ್ತು ಅವರ ಆದಾಯದ ದಾಖಲೆ, ಜನನಪತ್ರ, ಪೊಲೀಸರ ನಡತೆಪತ್ರ, ವೈದ್ಯಕೀಯ ತಪಾಸಣೆ ಇಷ್ಟೂ ಬೇಕಿತ್ತು. ಜರ್ಮನಿಯ ಕಡೆಯಿಂದ ಪಾಸ್‌ಪೋರ್ಟ್, ತೆರಿಗೆ ಬಾಕಿಯಿಲ್ಲವೆಂಬ ಪ್ರಮಾಣಪತ್ರ, ಮೇಲೆ ಹಡಗಿನ ಟಿಕೆಟ್. ಹಲವು ಪತ್ರಗಳಿಗೆ ವಾಯಿದೆಯಿತ್ತು. ಒಂದು ಕೈಸೇರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದು, ಮತ್ತೆ ಮೊದಲಿಂದ ಅಲೆಯಬೇಕಾಗುತ್ತಿತ್ತು. ಜರ್ಮನಿ, ಆಸ್ಟ್ರಿಯಾ ಎರಡಕ್ಕೂ ಸೇರಿ ವರ್ಷಕ್ಕೆ 27,370 ವೀಸಾಗಳ ಮಿತಿ. 1939ರ ಮಧ್ಯದಲ್ಲಿ ಸರದಿಯಲ್ಲಿದ್ದವರು 3 ಲಕ್ಷಕ್ಕೂ ಹೆಚ್ಚು. 1938ರ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್‌ನಲ್ಲಿ 32 ದೇಶಗಳು ಸಭೆ ಸೇರಿ ಕನಿಕರ ತೋರಿದವು. ಬಾಗಿಲು ಅಗಲಿಸಲು ಒಪ್ಪಿದ್ದು ಡೊಮಿನಿಕನ್ ಗಣರಾಜ್ಯದಂಥ ಒಂದೆರಡು ಮಾತ್ರ.

ವಯಸ್ಸು, ವೃತ್ತಿಯೂ ಲೆಕ್ಕಕ್ಕೆ ಬಂದವು. ಬರ್ಲಿನ್‌ನ ವಾಸ್ತುಶಿಲ್ಪಿ ಓಟ್ಟೊ ಕೋನಿಗ್ಸ್‌ಬರ್ಗರ್ 1933ರಲ್ಲಿ, ಇಪ್ಪತ್ತೈದರ ಹರೆಯದಲ್ಲೇ, ಸರ್ಕಾರಿ ಕೆಲಸ ಕಳೆದುಕೊಂಡು ಈಜಿಪ್ಟ್ ಸೇರಿದರು. 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಮುಖ್ಯ ವಾಸ್ತುಶಿಲ್ಪಿಯಾದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವರ ಕಟ್ಟಡಗಳಿವೆ. ಅರವತ್ತು ದಾಟಿದ ಅಂಗಡಿಯಾತನಿಗೆ ಇಂಥ ಕರೆ ಯಾವ ದೇಶದಿಂದಲೂ ಬರುತ್ತಿರಲಿಲ್ಲ. ಹಾಗಾಗಿಯೇ ಕೊನೆಗೆ ಉಳಿದವರಲ್ಲಿ ವೃದ್ಧರು, ಅದರಲ್ಲೂ ಹೆಂಗಸರು, ಹೆಚ್ಚು.

ಹೊರಟವರೆಲ್ಲ ಬದುಕಿಕೊಂಡರೆಂದೂ ಅಲ್ಲ. 1939ರ ಮೇ ತಿಂಗಳಲ್ಲಿ 937 ಪ್ರಯಾಣಿಕರೊಂದಿಗೆ ಹೊರಟ ಸೇಂಟ್ ಲೂಯಿಸ್ ಹಡಗಿನಲ್ಲಿ ಕ್ಯೂಬಾ ಇಳಿಸಿಕೊಂಡದ್ದು 28 ಮಂದಿಯನ್ನು. ಅಮೆರಿಕವೂ ಒಳಗೆ ಬಿಡಲಿಲ್ಲ. ಯೂರೋಪಿಗೆ ಮರಳಿದವರಲ್ಲಿ 254 ಜನ ಮುಂದೆ ಹತ್ಯಾಕಾಂಡಕ್ಕೆ ಬಲಿಯಾದರು.

1941ರ ಅಕ್ಟೋಬರಿನಲ್ಲಿ ವಲಸೆಯನ್ನೇ ನಿಷೇಧಿಸಲಾಯಿತು. ಆಗ ಜರ್ಮನಿಯಲ್ಲಿ ಇನ್ನೂ ಸುಮಾರು 1,63,000 ಯೆಹೂದಿಗಳಿದ್ದರು. ಬರ್ಲಿನ್‌ನಿಂದ ಜರ್ಮನಿ ಆಕ್ರಮಿಸಿದ್ದ ಪೋಲೆಂಡಿನ ಲೋಡ್ಜ್‌ಗೆ ಗಡೀಪಾರಿನ ಮೊದಲ ರೈಲು ಹೊರಟದ್ದು ಅದೇ ತಿಂಗಳ 18ರಂದು.