ಹಳೆಯ ಜೀಪಿನ ಟೋ ಬಾರ್ ಬದಲಾವಣೆ: ತುಕ್ಕು, ಚಾಸಿ ಮತ್ತು ಬೋಲ್ಟಿನ ಬಿಗಿತ

ಮಂಡ್ಯ, ಮೈಸೂರಿನ ಕಡೆ ಕರಾವಳಿಯ ಉಪ್ಪುಗಾಳಿ ಇಲ್ಲ, ಮಲೆನಾಡಿನಂತೆ ತಿಂಗಳುಗಟ್ಟಲೆ ಹಿಡಿದುಕೊಳ್ಳುವ ಮಳೆಯೂ ಇಲ್ಲ. ಹಾಗಿದ್ದರೂ ಇಲ್ಲಿನ ಹಳ್ಳಿಗಳ ಹಳೆಯ ಜೀಪುಗಳ ಟೋ ಬಾರ್, ಅಂದರೆ ಟ್ರೇಲರ್ ಕಟ್ಟಲು ಹಿಂಬದಿಗೆ ಬೋಲ್ಟು ಹಾಕಿ ಬಿಗಿದ ಉಕ್ಕಿನ ಪಟ್ಟಿ, ಏಕೆ ಅಷ್ಟು ಬೇಗ ಲಡ್ಡು ಹಿಡಿಯುತ್ತದೆ ಎಂಬ ಪ್ರಶ್ನೆಯಿಂದಲೇ ಈ ಟಿಪ್ಪಣಿಯನ್ನು ಆರಂಭಿಸುತ್ತೇನೆ. ತುಕ್ಕು ಎಲ್ಲಿಂದ ಬಂತು ಎಂದು ತಿಳಿಯದೆ ಬಾರ್ ಬದಲಿಸಿದರೆ ಹೊಸ ಬಾರ್ ಕೂಡ ಅದೇ ದಾರಿ ಹಿಡಿಯುತ್ತದೆ. ನಾನು ಕೆಲಸ ಕಲಿತದ್ದು ಪಾಂಡವಪುರ ತಾಲ್ಲೂಕಿನಲ್ಲಿರುವ ನನ್ನ ಸೋದರಮಾವನ 1990ರ ದಶಕದ ಮಹೀಂದ್ರ ಜೀಪಿನ ಮೇಲೆ. ಎರಡು ಚಕ್ರದ ಸಣ್ಣ ಟ್ರೇಲರನ್ನು ಕಟ್ಟಿಕೊಂಡು ಮೇವು, ಗೊಬ್ಬರ, ಪಂಪ್‌ಸೆಟ್ಟಿನ ಪೈಪುಗಳನ್ನು ಹೊತ್ತು ತಿರುಗಿದ ಗಾಡಿ ಅದು.

ಆ ಜೀಪು ರಾತ್ರಿ ನಿಲ್ಲುತ್ತಿದ್ದುದು ಕೊಟ್ಟಿಗೆಯ ಪಕ್ಕದಲ್ಲಿ, ಗಂಜಲ ಹರಿಯುವ ಕಾಲುವೆಯ ಮೇಲೆ. ಟ್ರೇಲರಿನಲ್ಲಿ ತಂದ ಪೊಟ್ಯಾಶ್ ಮೂಟೆಗಳಿಂದ ಉದುರಿದ ಪುಡಿ ಟೋ ಬಾರಿನ ಮೇಲೆ ಕೂರುತ್ತಿತ್ತು. ರೈತರು ಬಳಸುವ ಮ್ಯೂರಿಯೇಟ್ ಆಫ್ ಪೊಟ್ಯಾಶ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪಿನಲ್ಲಿ ಕಬ್ಬಿಣವನ್ನು ತಿನ್ನುವ ಕ್ಲೋರೈಡ್ ಯಾವುದೋ ಇದರಲ್ಲಿರುವುದೂ ಅದೇ. ಕರಾವಳಿಯ ಉಪ್ಪು ನಮ್ಮಲ್ಲಿಗೆ ಮೂಟೆಯಲ್ಲಿ ಬರುತ್ತದೆ ಎನ್ನಬಹುದು. ಇದರ ಜೊತೆಗೆ ವಿಶ್ವೇಶ್ವರಯ್ಯ ನಾಲೆಯ ನೀರು ನಿಂತ ಗದ್ದೆಬದುವಿನ ಕೆಸರು ಬಾರಿನ ಹಿಂದೆ ಮೆತ್ತಿಕೊಂಡು, ಮೇಲೆ ಒಣಗಿ ಒಳಗೆ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೇಸಿಗೆಯಲ್ಲಿಯೂ ಆ ಕೆಸರಿನ ಹೆಂಟೆಯನ್ನು ಮುರಿದು ನೋಡಿದರೆ ನಡುವೆ ಕಪ್ಪಗೆ ಹಸಿಯಾಗಿಯೇ ಇರುತ್ತದೆ.

ಇಲ್ಲಿ ಗಮನಿಸಬೇಕಾದುದು, ಕಣ್ಣಿಗೆ ಕಾಣುವ ಮೇಲ್ಮೈಯ ತುಕ್ಕಿಗಿಂತ ಎರಡು ತಗಡುಗಳ ನಡುವಿನ ಸಂದಿಯ ತುಕ್ಕು ಹೆಚ್ಚು ಅಪಾಯಕಾರಿ ಎಂಬುದು. ಟೋ ಬಾರಿನ ಪ್ಲೇಟು ಚಾಸಿಯ (ಗಾಡಿಯ ಅಡಿಯ ಉಕ್ಕಿನ ಚೌಕಟ್ಟಿನ) ಹಿಂಬದಿಯ ಅಡ್ಡತೊಲೆಯಾದ ಕ್ರಾಸ್ ಮೆಂಬರಿಗೆ ಒತ್ತಿಕೊಂಡಿರುವ ಜಾಗದಲ್ಲಿ ನೀರು ಹೀರಿಕೊಂಡು ಒಳಗೆ ಹೋಗುತ್ತದೆ, ಆದರೆ ಗಾಳಿ ಆಡುವುದಿಲ್ಲ. ಆಮ್ಲಜನಕ ಧಾರಾಳವಾಗಿ ಸಿಗುವ ಹೊರಅಂಚಿಗೂ ಅದು ಸಿಗದ ಒಳಭಾಗಕ್ಕೂ ನಡುವೆ ಒಂದು ಸಣ್ಣ ವಿದ್ಯುತ್ಕೋಶವೇ ಏರ್ಪಟ್ಟು, ಒಳಭಾಗದ ಕಬ್ಬಿಣ ಕರಗುತ್ತಾ ಹೋಗುತ್ತದೆ. ಹುಟ್ಟಿದ ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕಾದ್ದರಿಂದ ಅದು ಉಬ್ಬಿ ಎರಡು ತಗಡುಗಳನ್ನು ದೂರ ತಳ್ಳುತ್ತದೆ. ಬೋಲ್ಟುಗಳ ನಡುವೆ ಪ್ಲೇಟು ಹಪ್ಪಳದಂತೆ ಅಲೆಯಲೆಯಾಗಿ ಕಂಡರೆ ಒಳಗೆ ಇದು ನಡೆದಿದೆ ಎಂದು ತಿಳಿಯಬೇಕು.

ಆದ್ದರಿಂದ ಹೊಸ ಬಾರ್ ಕೊಳ್ಳುವ ಮೊದಲು ಹಳೆಯದು ಯಾವುದರ ಮೇಲೆ ಕೂತಿದೆ ಎಂದು ನೋಡುವುದೇ ಈ ಕೆಲಸದ ಅರ್ಧ ಭಾಗ ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಲು ಕೆ.ಜಿ.ಯ ಸುತ್ತಿಗೆಯಿಂದ ಕ್ರಾಸ್ ಮೆಂಬರಿನ ಉದ್ದಕ್ಕೂ ಎರಡು ಬೆರಳಿನ ಅಂತರದಲ್ಲಿ ಮೆಲ್ಲಗೆ ತಟ್ಟುತ್ತಾ ಹೋಗಬೇಕು. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ. ತೆಳುವಾದ ಅಥವಾ ಪದರ ಬಿಟ್ಟ ಕಬ್ಬಿಣ ಹಳೆಯ ಡಬ್ಬದಂತೆ ದಬ್ ಎನ್ನುತ್ತದೆ. ನಮ್ಮ ಜೀಪಿನಲ್ಲಿ ಎಡಗಡೆಯ ಕೊನೆಯ ಒಂದು ಗೇಣಿನಷ್ಟು ಭಾಗ ಮಾತ್ರ ದಬ್ ಎನ್ನುತ್ತಿತ್ತು, ಮತ್ತು ಅಲ್ಲಿ ಸ್ಕ್ರೂ ಡ್ರೈವರಿನ ತುದಿಯನ್ನು ಒತ್ತಿದಾಗ ಬಣ್ಣದ ಸಮೇತ ಒಳಕ್ಕೆ ಇಳಿಯಿತು. ಆ ಬಣ್ಣ ಹಿಂದಿನ ವರ್ಷವಷ್ಟೇ ಬಳಿದದ್ದು, ಹೊಳೆಯುತ್ತಲೇ ಇತ್ತು. ಅನುಮಾನವಿರುವ ಜಾಗದಲ್ಲಿ ತುಕ್ಕನ್ನು ಕೆರೆದು ವರ್ನಿಯರಿನಿಂದ ದಪ್ಪವನ್ನು ಅಳೆದು, ಅದೇ ಕ್ರಾಸ್ ಮೆಂಬರಿನ ಚೆನ್ನಾಗಿರುವ ಭಾಗದ ದಪ್ಪದೊಂದಿಗೆ ಹೋಲಿಸಬೇಕು. ನಾನು ಇಟ್ಟುಕೊಂಡಿರುವ ಮಿತಿ ಇದು: ಕಾಲು ಭಾಗಕ್ಕಿಂತ ಹೆಚ್ಚು ದಪ್ಪ ಹೋಗಿದ್ದರೆ ಅಲ್ಲಿಗೆ ಬೋಲ್ಟು ಹಾಕುವ ಮಾತೇ ಇಲ್ಲ, ಮೊದಲು ಆ ತುಂಡನ್ನು ಕತ್ತರಿಸಿ ಹೊಸ ತಗಡನ್ನು ಅನುಭವಸ್ಥ ವೆಲ್ಡರಿಂದ ಕೂರಿಸಬೇಕು. ವೆಲ್ಡಿಂಗ್ ಮಾಡುವಾಗ ಬ್ಯಾಟರಿಯ ಸಂಪರ್ಕ ತೆಗೆದಿರಬೇಕು, ಇಲ್ಲವಾದರೆ ಆಲ್ಟರ್ನೇಟರಿನ ಡಯೋಡುಗಳು ಸುಡಬಹುದು. ಡೀಸೆಲ್ ಟ್ಯಾಂಕು ಮತ್ತು ಬ್ರೇಕ್ ಪೈಪು ಎಷ್ಟು ಹತ್ತಿರದಲ್ಲಿವೆ ಎಂಬುದನ್ನು ಕಿಡಿ ಹಾರುವ ಮೊದಲೇ ನೋಡಿಕೊಂಡಿರಬೇಕು.

ಬಿಚ್ಚುವ ಕೆಲಸಕ್ಕೆ ಬಲಕ್ಕಿಂತ ತಾಳ್ಮೆ ಬೇಕು. ಮುಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಹಿಂಭಾಗವನ್ನು ಎತ್ತಿದರೆ ಜ್ಯಾಕಿನ ಮೇಲೆ ಬಿಡದೆ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಹಿಂದಿನ ದಿನವೇ ತಂತಿಬ್ರಷ್ಷಿನಿಂದ ಬೋಲ್ಟಿನ ಮರೆಗಳನ್ನು (ತಿರುಪಿನ ಸುತ್ತುಗೆರೆಗಳನ್ನು) ಉಜ್ಜಿ, ಬೆಳಿಗ್ಗೆ ಸಂಜೆ ತುಕ್ಕು ಬಿಡಿಸುವ ಎಣ್ಣೆಯನ್ನೋ ಡೀಸೆಲನ್ನೋ ಬಿಟ್ಟಿರಬೇಕು. ಅದಕ್ಕೂ ಜಗ್ಗದ ನಟ್ಟಿಗೆ ಎಣ್ಣೆಯನ್ನು ಪೂರ್ತಿ ಒರೆಸಿ ಕಾವು ಕೊಡುವುದುಂಟು. ಉಕ್ಕು ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 12 ಭಾಗ ಹಿಗ್ಗುತ್ತದೆ. 12.7 ಮಿ.ಮೀ. ರಂಧ್ರದ ನಟ್ಟನ್ನು ಬೋಲ್ಟಿಗಿಂತ 300 ಡಿಗ್ರಿ ಹೆಚ್ಚು ಬಿಸಿ ಮಾಡಿದರೆ ರಂಧ್ರ ಹಿಗ್ಗುವುದು ಸುಮಾರು 0.045 ಮಿ.ಮೀ. ಮಾತ್ರ, ಆದರೆ ತುಕ್ಕಿನ ಹಿಡಿತ ಒಡೆಯಲು ಅಷ್ಟೇ ಸಾಕು. ಅದೂ ಫಲಿಸದಿದ್ದರೆ ನಟ್ಟನ್ನು ಚಾಣದಿಂದ ಸೀಳುವುದು ಉತ್ತಮ. ಬಾರ್ ಹೇಗೂ ಗುಜರಿಗೆ ಹೋಗುವುದೇ, ಆದರೆ ಗ್ರೈಂಡರ್ ಜಾರಿ ಚಾಸಿಗೆ ಬಿದ್ದ ಗೀರು ಅಲ್ಲಿಯೇ ಉಳಿಯುತ್ತದೆ.

ಹೊಸಬರು ಎಡವುವ ಒಂದು ಜಾಗವನ್ನು ಇಲ್ಲಿ ಬಿಡಿಸಿ ಹೇಳಬೇಕು. ಅಮೆರಿಕದ ವಿಲ್ಲೀಸ್ ಜೀಪಿನ ವಂಶದ ಹಳೆಯ ಜೀಪುಗಳಲ್ಲಿ ಇಂಚಿನ ಮರೆಯ ಬೋಲ್ಟುಗಳೇ ಹೆಚ್ಚು, ಇಂದಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಮೆಟ್ರಿಕ್. ಅರ್ಧ ಇಂಚಿನ ಬೋಲ್ಟಿನ ತಲೆಗೆ ಮುಕ್ಕಾಲು ಇಂಚಿನ ಪಾನಾ ಬೇಕು, ಅಂದರೆ 19.05 ಮಿ.ಮೀ.; ಅದಕ್ಕೆ 19ರ ಪಾನಾ ಸಲೀಸಾಗಿ ಕೂರುತ್ತದೆ. ಎಂ12 (12 ಮಿ.ಮೀ. ವ್ಯಾಸದ ಮೆಟ್ರಿಕ್) ಬೋಲ್ಟುಗಳಲ್ಲಿಯೂ ಒಂದು ಮಾದರಿಯ ತಲೆ 19 ಮಿ.ಮೀ. ಇರುವುದರಿಂದ, ಪಾನಾ ಕೂತ ಮಾತ್ರಕ್ಕೆ ಇದು ಎಂ12 ಎಂದು ನಿರ್ಧರಿಸಿ ನಾನು ಮಂಡ್ಯಕ್ಕೆ ಹೋಗಿ ನಟ್ಟುಗಳನ್ನು ತಂದೆ. ಒಂದೂ ಮರೆ ಹತ್ತಲಿಲ್ಲ. ಅರ್ಧ ಇಂಚಿನ ಸಣ್ಣ ಮರೆಯ ಬೋಲ್ಟಿನಲ್ಲಿ ಇಂಚಿಗೆ 20 ಸುತ್ತು, ಅಂದರೆ ಪ್ರತಿ ಸುತ್ತಿಗೂ 1.27 ಮಿ.ಮೀ.; ಸಾಮಾನ್ಯ ಎಂ12ರಲ್ಲಿ ಪ್ರತಿ ಸುತ್ತಿಗೂ 1.75 ಮಿ.ಮೀ. ಮರೆ ಅಳೆಯುವ ಗೇಜು ಇಲ್ಲದಿದ್ದರೆ ಹಳೆಯ ಬೋಲ್ಟನ್ನೇ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಬೇಕು. ಬೋಲ್ಟು ನಟ್ಟು ಎರಡನ್ನೂ ಬದಲಿಸಿ ಎಂ12 ಹಾಕುವುದಾದರೆ ತಪ್ಪೇನಿಲ್ಲ, ಆದರೆ 12.7 ಮಿ.ಮೀ.ಗಿಂತ ದೊಡ್ಡದಾದ ಹಳೆಯ ರಂಧ್ರದಲ್ಲಿ ಅದು ಸಡಿಲವಾಗಿ ನಿಲ್ಲುವುದರಿಂದ ದಪ್ಪ ವಾಷರ್ ಅಗತ್ಯ.

ಹೊಸ ಬಾರನ್ನು ಸಿದ್ಧವಾಗಿ ಕೊಳ್ಳಬಹುದು ಅಥವಾ ವರ್ಕ್‌ಶಾಪಿನಲ್ಲಿ ಮಾಡಿಸಬಹುದು. ಮಾಡಿಸುವುದಾದರೆ ಗುಜರಿಯ ತಗಡು ಬೇಡ; ಐಎಸ್ 2062 ಗುಣಮಟ್ಟದ ಇ250 ಉಕ್ಕಿನ ಪ್ಲೇಟನ್ನು ಕೇಳಿ ಪಡೆಯಬೇಕು. ಇಲ್ಲಿ 250 ಎಂಬುದು ಉಕ್ಕು ಶಾಶ್ವತವಾಗಿ ಬಾಗಲು ಆರಂಭಿಸುವ ಒತ್ತಡವನ್ನು ಮೆಗಾಪಾಸ್ಕಲ್‌ಗಳಲ್ಲಿ ಸೂಚಿಸುತ್ತದೆ. ಹಳೆಯ ಬಾರನ್ನು ಎಸೆಯದೆ ಅಚ್ಚಿನಂತೆ ಇಟ್ಟುಕೊಂಡರೆ ರಂಧ್ರಗಳ ಅಳತೆಯೂ ಹುಕ್ಕಿನ ಎತ್ತರವೂ ತಾನಾಗಿ ಸಿಗುತ್ತವೆ. ಚಾಸಿಯಲ್ಲಿ ಹೊಸ ರಂಧ್ರ ಕೊರೆಯಲೇಬೇಕಾದರೆ ಪಕ್ಕದ ನಿಂತ ಗೋಡೆಯಲ್ಲಿ ಕೊರೆಯಬೇಕು, ಮೇಲಿನ ಮತ್ತು ಕೆಳಗಿನ ಮಡಿಕೆಯಲ್ಲಿ ಕೂಡದು. ಚಾಸಿ ಬಾಗುವಾಗ ಅತಿ ಹೆಚ್ಚು ಎಳೆತ ಬೀಳುವುದು ಆ ಮಡಿಕೆಗಳ ಮೇಲೆಯೇ. ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆಯಂತಹ ತೊಲೆಯ ಮೂಲಕ ಬೋಲ್ಟು ಹಾಯುವುದಾದರೆ ಒಳಗೆ ಪೈಪಿನ ತುಂಡೊಂದನ್ನು ಇಡಬೇಕು, ಇಲ್ಲವಾದರೆ ಬಿಗಿದಂತೆಲ್ಲ ಗೋಡೆಗಳು ಒಳಕ್ಕೆ ಕುಸಿಯುತ್ತವೆ.

ಈಗ ಬಿಗಿತದ ವಿಷಯ. ಟೋ ಬಾರಿನ ಬೋಲ್ಟು ಗೂಟದಂತೆ ಅಡ್ಡ ನಿಂತು ಟ್ರೇಲರನ್ನು ಎಳೆಯುತ್ತದೆ ಎಂದು ನಾನೂ ಬಹಳ ದಿನ ಭಾವಿಸಿದ್ದೆ. ವಾಸ್ತವದಲ್ಲಿ ಸರಿಯಾಗಿ ಬಿಗಿದ ಬೋಲ್ಟು ಸ್ಪ್ರಿಂಗಿನಂತೆ ಹಿಗ್ಗಿ ಎರಡು ತಗಡುಗಳನ್ನು ಒತ್ತಿ ಹಿಡಿಯುತ್ತದೆ. ಆ ಒತ್ತಿನಿಂದ ಹುಟ್ಟುವ ಘರ್ಷಣೆಯೇ ಎಳೆತವನ್ನು ಹೊರುತ್ತದೆ. ತಲೆಯ ಮೇಲೆ 8.8 ಎಂಬ ಬಲದ ದರ್ಜೆಯ ಗುರುತಿರುವ ಎಂ12 ಬೋಲ್ಟನ್ನು ತೆಗೆದುಕೊಳ್ಳೋಣ. ಅದರ ಬಲ ಹೊರುವ ಅಡ್ಡಕೊಯ್ತದ ಕ್ಷೇತ್ರ 84.3 ಚ.ಮಿ.ಮೀ., ಪ್ರೂಫ್ ಒತ್ತಡ (ಶಾಶ್ವತವಾಗಿ ಹಿಗ್ಗದೆ ತಾಳುವ ಒತ್ತಡ) 580 ಮೆಗಾಪಾಸ್ಕಲ್, ಹಾಗಾಗಿ ಅದು ತಾಳುವ ಪ್ರೂಫ್ ಬಲ ಸುಮಾರು 48.9 ಕಿಲೋನ್ಯೂಟನ್. ಅದರ ಮುಕ್ಕಾಲು ಪಾಲಿನಷ್ಟು, ಎಂದರೆ 36.7 ಕಿಲೋನ್ಯೂಟನ್ ಬಿಗಿತ ಕೊಡಬೇಕಾದರೆ, ಎಣ್ಣೆ ಹಚ್ಚದ ಮರೆಗೆ 0.2 ಎಂಬ ಗುಣಾಂಕ ಹಿಡಿದು, ಅದನ್ನು ಬೋಲ್ಟಿನ ವ್ಯಾಸದಿಂದಲೂ ಬಿಗಿತದಿಂದಲೂ ಗುಣಿಸಿ ಲೆಕ್ಕ ಹಾಕಿದಾಗ 88 ನ್ಯೂಟನ್ ಮೀಟರ್ ಟಾರ್ಕ್ (ಪಾನಾದಿಂದ ತಿರುಗಿಸುವ ಬಲ) ಬರುತ್ತದೆ. ಒಂದು ಅಡಿ ಉದ್ದದ ಪಾನಾದ ತುದಿಯಲ್ಲಿ ಇದು ಸುಮಾರು 29 ಕೆ.ಜಿ. ಭಾರ ತೂಗಿಬಿಟ್ಟಂತೆ. ಮರೆಗೆ ಎಣ್ಣೆ ಹಚ್ಚಿದರೆ ಗುಣಾಂಕ 0.15ರ ಆಸುಪಾಸಿಗೆ ಇಳಿಯುತ್ತದೆ. ಅದೇ 88 ನ್ಯೂಟನ್ ಮೀಟರಿಗೆ ಬಿಗಿತ 48.9 ಕಿಲೋನ್ಯೂಟನ್ನಿಗೆ ಏರಿ ಬೋಲ್ಟು ತನ್ನ ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ. ಎಣ್ಣೆ ಹಚ್ಚುವುದಾದರೆ ಟಾರ್ಕನ್ನು ಕಾಲು ಭಾಗ ಇಳಿಸಬೇಕು ಎಂಬುದು ಇದರಿಂದ ಬರುವ ನಿಯಮ.

ಟ್ರೇಲರ್ ಎಳೆಯುವ ಬಲವೆಷ್ಟು ಎಂಬುದಕ್ಕೂ ಒಂದು ಸೂತ್ರವಿದೆ: ಗಾಡಿಯ ತೂಕವನ್ನು ಟ್ರೇಲರಿನ ತೂಕದಿಂದ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿ, 9.81ರಿಂದ ಗುಣಿಸಬೇಕು. ಹೊರೆ ಸೇರಿ ಜೀಪು 1.8 ಟನ್, ಟ್ರೇಲರ್ 1 ಟನ್ ಎಂದಿಟ್ಟುಕೊಂಡರೆ ಉತ್ತರ 6.3 ಕಿಲೋನ್ಯೂಟನ್. ನಾಲ್ಕು ಬೋಲ್ಟುಗಳ ಒಟ್ಟು ಒತ್ತು ಸುಮಾರು 147 ಕಿಲೋನ್ಯೂಟನ್. ಘರ್ಷಣೆಯ ಗುಣಾಂಕ 0.15 ಎಂದು ಕಡಿಮೆಯೇ ಹಿಡಿದರೂ ಜಾರದೆ ಹೊರುವ ಶಕ್ತಿ 22 ಕಿಲೋನ್ಯೂಟನ್. ಮೂರು ಪಟ್ಟಿಗೂ ಹೆಚ್ಚು ಅಂತರ ಕಾಣುತ್ತದೆ. ಹಾಗಿದ್ದ ಮೇಲೆ ಟೋ ಬಾರ್ ಸಡಿಲವಾಗುವುದೇಕೆ?

ನಮ್ಮದು ಸಡಿಲವಾಯಿತು. ತುಕ್ಕಿನ ಮೇಲಿನ ಸಿಟ್ಟಿಗೆ ನಾನು ಹೊಸ ಪ್ಲೇಟಿನ ಎರಡೂ ಮುಖಗಳಿಗೆ, ಕ್ರಾಸ್ ಮೆಂಬರಿಗೂ ಸೇರಿಸಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಪ್ರೈಮರನ್ನೂ ಅದರ ಮೇಲೆ ಕಪ್ಪು ಬಣ್ಣವನ್ನೂ ದಪ್ಪಗೆ ಬಳಿದು, ಮಾರನೆಯ ದಿನವೇ ಬಿಗಿದಿದ್ದೆ. ಮೂರು ವಾರದೊಳಗೆ ಹಳ್ಳ ಇಳಿದಾಗಲೆಲ್ಲ ಹಿಂದಿನಿಂದ ಟಕ್ ಎಂಬ ಸದ್ದು ಬರತೊಡಗಿತು. ಬೋಲ್ಟು ತುಂಡಾಗಿರಲಿಲ್ಲ, ನಟ್ಟು ತಿರುಗಿರಲಿಲ್ಲ. ಆದರೆ ಪಾನಾ ಹಾಕಿದರೆ ಕೈಬಲಕ್ಕೇ ಕಾಲು ಸುತ್ತು ಬರುತ್ತಿತ್ತು. ಕಾರಣ ಲೆಕ್ಕದಲ್ಲಿಯೇ ಇತ್ತು. ತಲೆಗೂ ನಟ್ಟಿಗೂ ನಡುವೆ 30 ಮಿ.ಮೀ. ಹಿಡಿತದ ಎಂ12 ಬೋಲ್ಟು 36.7 ಕಿಲೋನ್ಯೂಟನ್ ಬಿಗಿತಕ್ಕೆ ಹಿಗ್ಗುವುದು ಸುಮಾರು 0.06 ಮಿ.ಮೀ., ಹೆಚ್ಚುಕಡಿಮೆ ಒಂದು ತಲೆಗೂದಲಿನ ದಪ್ಪ. ಬಣ್ಣದ ಒಂದೊಂದು ಲೇಪವೇ 0.04 ಮಿ.ಮೀ. ಆಸುಪಾಸು ಇರುವಾಗ, ಒತ್ತಿನಡಿಯಲ್ಲಿ ಆ ಪದರಗಳು ಹಿಂಡಿಕೊಂಡು ಒಂದು ಕೂದಲಿನಷ್ಟು ತೆಳುವಾದರೆ ಬೋಲ್ಟಿನ ಹಿಗ್ಗು ಪೂರ್ತಿ ಕರಗಿ ಒತ್ತು ಸೊನ್ನೆಯಾಗುತ್ತದೆ. ಉಜ್ಜದೆ ಬಿಟ್ಟ ತುಕ್ಕಿನ ಹಕ್ಕಳೆಯೂ ಇದೇ ಕೆಲಸ ಮಾಡುತ್ತದೆ.

ಎರಡನೆಯ ಸಲ ಮಾಡಿದ್ದು ಹೀಗೆ. ಎರಡು ಮುಖಗಳು ಕೂಡುವ ಜಾಗವನ್ನು ಬಿಳಿ ಲೋಹ ಕಾಣುವವರೆಗೆ ಉಜ್ಜಿ, ಅಲ್ಲಿ ತೆಳುವಾದ ಪ್ರೈಮರನ್ನು ಒಂದೇ ಕೈ ಬಳಿದು, ಒಂದು ವಾರ ಪೂರ್ತಿ ಒಣಗಲು ಬಿಟ್ಟೆ. ಬೋಲ್ಟಿನ ತಲೆ ಮತ್ತು ನಟ್ಟಿನ ಅಡಿ ಕೂರುವ ವೃತ್ತಗಳಲ್ಲಿ ಬಣ್ಣವನ್ನು ಕೆರೆದು ತೆಗೆದೆ. ತೆಳುವಾದ ಚಾಸಿಯ ಒಳಬದಿಗೆ 6 ಮಿ.ಮೀ. ಪ್ಲೇಟನ್ನು ಒತ್ತು ಕೊಟ್ಟು ನಾಲ್ಕು ಬೋಲ್ಟುಗಳನ್ನೂ ಕರ್ಣದ ಕ್ರಮದಲ್ಲಿ, ಮೊದಲು 40, ಆಮೇಲೆ 88 ನ್ಯೂಟನ್ ಮೀಟರಿಗೆ ಬಿಗಿದೆ. ಬಿಗಿದ ನಂತರವೇ ಹೊರಗಿನಿಂದ ದಪ್ಪ ಬಣ್ಣ ಬಳಿದು, ಪ್ಲೇಟಿನ ಮೇಲಂಚಿನ ಮತ್ತು ಪಕ್ಕದ ಸಂದಿಗೆ ಸೀಲಂಟ್ ತುಂಬಿದೆ. ಒಳಗೆ ಹೋದ ನೀರು ಇಳಿದುಹೋಗಲಿ ಎಂದು ಕೆಳಅಂಚನ್ನು ತೆರೆದೇ ಬಿಟ್ಟೆ. ಈ ಕೊನೆಯ ವಿಷಯದಲ್ಲಿ ನಮ್ಮ ಮೇಸ್ತ್ರಿಯವರಿಗೂ ನನಗೂ ಒಮ್ಮತವಿಲ್ಲ. ಅವರು ನಾಲ್ಕೂ ಕಡೆ ಮುಚ್ಚಬೇಕು ಎನ್ನುತ್ತಾರೆ.

ಟ್ರೇಲರಿನ ದೀಪಗಳ ತಂತಿ, ಸಾಕೆಟ್ಟು ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಂತಿ ಬಾರಿನ ಅಂಚಿಗೆ ಉಜ್ಜದಂತೆ ಕಟ್ಟಿ, ಅರ್ತ್ ತಂತಿಯ ಬುಡದಲ್ಲಿ ಬಣ್ಣವಿಲ್ಲದಂತೆ ನೋಡಿಕೊಂಡರೆ ಸಾಕು. ಹಾಗೆಯೇ, ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನಿಗದಿಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಇದ್ದ ಬಾರಿನ ಜಾಗಕ್ಕೆ ಅದೇ ಬಗೆಯದನ್ನು ಹಾಕುವುದನ್ನು ಬಿಟ್ಟು ಬೇರೇನಾದರೂ ಮಾಡುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ.

ಹೊರೆ ತುಂಬುವ ಬಗೆಗೆ ಎತ್ತಿನ ಗಾಡಿಯವರ ಮುಂಭಾರ, ಹಿಂಭಾರ ಎಂಬ ಮಾತುಗಳೇ ಇಲ್ಲಿಯೂ ಸಲ್ಲುತ್ತವೆ. ಎರಡು ಚಕ್ರದ ಟ್ರೇಲರಿಗೆ ಹಿಂಭಾರವಾದರೆ ಮೂಕಿ ಎತ್ತಿದಂತೆ ಹುಕ್ಕು ಮೇಲಕ್ಕೆ ಎಳೆಯಲ್ಪಡುತ್ತದೆ, ಗುಂಡಿಗೆ ಬಿದ್ದಾಗ ಕೆಳಕ್ಕೆ ಬಡಿಯುತ್ತದೆ. ಮೇಲೊಮ್ಮೆ ಕೆಳಗೊಮ್ಮೆ ಆಗುವ ಈ ಹೊಡೆತ ನೇರ ಎಳೆತಕ್ಕಿಂತ ಬೇಗ ಬೋಲ್ಟನ್ನು ದಣಿಸುತ್ತದೆ. ಹೊರೆಯಲ್ಲಿ ಸುಮಾರು ಹತ್ತನೆಯ ಒಂದು ಭಾಗ ಹುಕ್ಕಿನ ಮೇಲೆ ಕೂರುವಷ್ಟು ಮುಂಭಾರ ಇರಲಿ.

ಬಿಗಿದಾದ ಮೇಲೆ ನಟ್ಟಿನಿಂದ ಪ್ಲೇಟಿನವರೆಗೆ ಬಿಳಿ ಬಣ್ಣದಲ್ಲಿ ಒಂದೊಂದು ಸಣ್ಣ ಗೆರೆ ಎಳೆದಿದ್ದೆ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ ಎಂದು ಕೂಡಲೇ ಗೊತ್ತಾಗುತ್ತದೆ. ಆದರೆ ನಟ್ಟು ತಿರುಗದೆಯೂ ಬಿಗಿತ ಇಳಿಯಬಹುದೆಂದು ಮೊದಲ ಸಲವೇ ಕಂಡಿದ್ದರಿಂದ, ಗೆರೆಯ ಜೊತೆಗೆ ಟಾರ್ಕ್ ಪಾನಾವನ್ನೂ ಹಿಡಿದು ಮೊದಲ ಹೊರೆಯ ಸಂಜೆ ಜೀಪಿನ ಅಡಿಗೆ ನುಸುಳಿದೆ. ಮೂರು ನಟ್ಟುಗಳು 88ಕ್ಕೆ ಕಟ್ ಎಂದವು, ಕದಲಲಿಲ್ಲ. ತಗಡು ತೆಳುವಾಗಿದ್ದ ಎಡಗಡೆಯ ಕೆಳಗಿನದು ಅಕ್ಕಿಕಾಳಿನ ಅಗಲದಷ್ಟು ತಿರುಗಿ ನಿಂತಿತು. ಹಳೆಯ ಗೆರೆಯನ್ನು ಒರೆಸಿ ಹೊಸದನ್ನು ಎಳೆದೆ. ಎರಡನೆಯ ಹೊರೆಯ ನಂತರ ನೋಡಿದಾಗ ನಾಲ್ಕೂ ಪಾನಾಕ್ಕೆ ಕದಲದೆ ನಿಂತಿದ್ದವು.