ಮೀಟರ್ ಮುಳ್ಳು ನಂಬಬೇಡಿ, ತೂಕ ಹಾಕಿ

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡಿ ಕೆಗ್‌ಗೆ (ಲೋಹದ ಪೀಪಾಯಿಗೆ) ತುಂಬುವವರಿಗೆ ಶುರುವಿನಲ್ಲೇ ಬರುವ ಗಾಬರಿ ಇದು. ಬಿಯರ್‌ಗೆ ಗುಳ್ಳೆ ಕೊಡುವ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ತುಂಬಿಸಿ ತಂದಾಗ ಮೀಟರ್ ಸುಮಾರು 850 ಪಿಎಸ್‌ಐ (ಒತ್ತಡದ ಅಳತೆ) ತೋರಿಸುತ್ತಿತ್ತು. ಫ್ರಿಜ್ ಒಳಗಿಟ್ಟರು. ಬೆಳಿಗ್ಗೆ ನೋಡಿದರೆ 550. ಗ್ಯಾಸ್ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ. ಅದಕ್ಕೆ ಚಳಿಯಾಗಿದೆ, ಅಷ್ಟೇ.

(1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಅಲ್ಲಿ ಮನೆ ಬಿಯರ್‌ಗೆ ದಾರಿಯಾಯಿತು. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಮಾಡುವ ಹಾಗಿಲ್ಲ. ಆದರೆ ಸಿಲಿಂಡರ್‌ನ ವಿಜ್ಞಾನ ಎಲ್ಲ ಕಡೆಯೂ ಒಂದೇ.)

ಸಿಲಿಂಡರ್ ಒಳಗಿರುವುದು ಬಹುಪಾಲು ದ್ರವ. ಅದರ ಮೇಲಷ್ಟೇ ಅನಿಲ. ಸ್ವಲ್ಪ ಅನಿಲ ಹೊರಗೆ ಬಿಟ್ಟರೆ ಅಷ್ಟೇ ದ್ರವ ಆವಿಯಾಗಿ ಜಾಗ ತುಂಬುತ್ತದೆ. ಹಾಗಾಗಿ ಒತ್ತಡ ನಿಂತಿರುವುದು ಬಿಸಿ-ತಂಪಿನ ಮೇಲೆ, ಎಷ್ಟು ಉಳಿದಿದೆ ಅನ್ನುವುದರ ಮೇಲಲ್ಲ. ದ್ರವದ ಕೊನೆಯ ಹನಿ ಮುಗಿದ ಮೇಲೆ ಮುಳ್ಳು ದಬಕ್ಕನೆ ಇಳಿಯುತ್ತದೆ, ಅಷ್ಟರಲ್ಲಿ ಅಂಗಡಿ ಬಾಗಿಲು ಹಾಕಿರುತ್ತದೆ! ನಮ್ಮ ಅಡುಗೆ ಗ್ಯಾಸ್‌ನದೂ ಇದೇ ಕತೆ. ಅದಕ್ಕೇ ಸಿಲಿಂಡರ್ ಮೇಲೆ ಖಾಲಿ ತೂಕ ಬರೆದಿರುತ್ತಾರೆ. ತಕ್ಕಡಿಗೆ ಇಡಿ, ಆ ತೂಕ ಕಳೆಯಿರಿ, ಉಳಿದದ್ದು ಗ್ಯಾಸ್.

31 ಡಿಗ್ರಿ ಸೆಲ್ಸಿಯಸ್ ದಾಟಿದರೆ ತೂಕದ ಲೆಕ್ಕ ಸರಿಯೇ ಇರುತ್ತದೆ, ಆದರೆ ದ್ರವ-ಆವಿಯ ಲೆಕ್ಕ ಕೆಡುತ್ತದೆ. ಎಷ್ಟೇ ಒತ್ತಿದರೂ ಕಾರ್ಬನ್ ಡೈಆಕ್ಸೈಡ್ ಆಮೇಲೆ ದ್ರವವಾಗಿ ಉಳಿಯುವುದಿಲ್ಲ. ಇದನ್ನು ಬೆಲ್‌ಫಾಸ್ಟ್‌ನ ವಿಜ್ಞಾನಿ ಥಾಮಸ್ ಆಂಡ್ರೂಸ್ 1869ರಲ್ಲಿ ವಿವರಿಸಿದ. ಅಲ್ಲಿಂದ ಮುಂದೆ, ತುಂಬಿದ ಸಿಲಿಂಡರ್‌ನಲ್ಲಿ ಒತ್ತಡ ಸರಸರನೆ ಏರುತ್ತದೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಅದನ್ನು ಬಿಡಬಾರದು ಅನ್ನುವುದು ಇದಕ್ಕೇ. ಒತ್ತಡ ಅತಿಯಾದರೆ ವಾಲ್ವ್ ಪಕ್ಕದ ತೆಳು ಲೋಹದ ಬಿಲ್ಲೆ ಹರಿದು ಗ್ಯಾಸ್ ಹೊರಬಿಡುತ್ತದೆ, ಸಿಲಿಂಡರ್ ಸಿಡಿಯುವುದು ತಪ್ಪುತ್ತದೆ. 1840ರಲ್ಲಿ ಪ್ಯಾರಿಸ್‌ನಲ್ಲಿ ಇಂಥ ಬಿಲ್ಲೆ ಇರಲಿಲ್ಲ. ಈ ಅನಿಲವನ್ನು ದ್ರವ ಮಾಡುತ್ತಿದ್ದ ಎರಕದ ಕಬ್ಬಿಣದ ಯಂತ್ರ ಸಿಡಿದು ಏರ್ವಿ ಎಂಬ ಪ್ರಯೋಗಾಲಯ ಸಹಾಯಕ ಪ್ರಾಣ ಕಳೆದುಕೊಂಡ.

ಇನ್ನು ರೆಗ್ಯುಲೇಟರ್, ಅಂದರೆ ಸಿಲಿಂಡರ್‌ನ ಭಾರೀ ಒತ್ತಡವನ್ನು ಇಳಿಸಿ ಕೆಗ್‌ಗೆ ಕಳಿಸುವ ಸಾಧನ. ಸಿಲಿಂಡರ್‌ಗೂ ಅದಕ್ಕೂ ನಡುವೆ ಒಂದು ವಾಷರ್ ಇರುತ್ತದೆ, ಗ್ಯಾಸ್ ತಡೆಯುವುದು ಅದೇ. ಥ್ರೆಡ್‌ಗೆ ಸುಮ್ನೆ ಟೆಫ್ಲಾನ್ ಟೇಪ್ ಸುತ್ತಿದರೆ ಪ್ರಯೋಜನವಿಲ್ಲ. ಸಿಲಿಂಡರ್ ನೆಟ್ಟಗೆ ನಿಂತಿರಲಿ, ಬೀಳದ ಹಾಗೆ ಕಟ್ಟಿರಲಿ. ಮಲಗಿಸಿದರೆ ದ್ರವವೇ ರೆಗ್ಯುಲೇಟರ್‌ಗೆ ನುಗ್ಗುತ್ತದೆ. ವಾಲ್ವ್ ತೆರೆಯುವ ಮುಂಚೆ ರೆಗ್ಯುಲೇಟರ್‌ನ ಸ್ಕ್ರೂ ಪೂರ್ತಿ ಸಡಿಲಿಸಿ. ಸ್ಕ್ರೂ ಬಿಗಿಮಾಡಿದಷ್ಟೂ ಒಳಗಿನ ಸ್ಪ್ರಿಂಗ್ ಡಯಾಫ್ರಮ್ (ಬಾಗುವ ತೆಳು ಪರದೆ) ಅನ್ನು ಒತ್ತಿ ದಾರಿ ತೆರೆಯುತ್ತದೆ. ಕೆಗ್ ಕಡೆಯ ಗ್ಯಾಸ್ ಅದನ್ನು ತಿರುಗಿ ತಳ್ಳುತ್ತದೆ. ಇಬ್ಬರ ಬಲ ಸಮವಾದ ಕೂಡಲೇ ದಾರಿ ಮುಚ್ಚುತ್ತದೆ. ಫ್ರಿಜ್‌ನಲ್ಲಿಟ್ಟ ಬಿಯರ್‌ಗೆ 10-12 ಪಿಎಸ್‌ಐ ಸಾಕು. ಜಾಸ್ತಿಯಾಯಿತು ಅಂತ ಸ್ಕ್ರೂ ಹಿಂದಕ್ಕೆ ತಿರುಗಿಸಿದರೂ ಕೆಲವೊಮ್ಮೆ ಮುಳ್ಳು ಇಳಿಯುವುದಿಲ್ಲ. ಕೆಟ್ಟಿದೆ ಅಂದುಕೊಳ್ಳಬೇಡಿ. ಒಳಗೆ ಸೇರಿದ ಗ್ಯಾಸ್ ಹೊರಹೋಗಲು ದಾರಿ ಬೇಕಲ್ವಾ? ಕೆಗ್‌ನ ಮುಚ್ಚಳದ ವಾಲ್ವ್ ಎತ್ತಿ, ಇಳಿಯುತ್ತದೆ. ಕೊನೆಗೆ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಬರುತ್ತದಾ ನೋಡಿ.

ಸೋರಿಕೆ ಅಂದರೆ ಬರೀ ದುಡ್ಡು ದಂಡವಲ್ಲ. 5 ಪೌಂಡ್ ಸಿಲಿಂಡರ್‌ನಲ್ಲಿರುವುದು 2.27 ಕಿಲೋ ಗ್ಯಾಸ್. ಹೊರಬಂದರೆ ಸುಮಾರು 1,250 ಲೀಟರ್. ಗಾಳಿಯಾಡದ 10 ಅಡಿ ಉದ್ದ, 10 ಅಡಿ ಅಗಲ, 8 ಅಡಿ ಎತ್ತರದ ಕೋಣೆಯಲ್ಲಿ ಅದು ಶೇ. 5ಕ್ಕಿಂತ ಜಾಸ್ತಿ. ಶೇ. 4ಕ್ಕೇ ಜೀವಕ್ಕೆ ತಕ್ಷಣದ ಅಪಾಯ ಅನ್ನುತ್ತದೆ ಕೆಲಸಗಾರರ ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ. ನಮ್ಮ ಊರುಗಳಲ್ಲಿ ಇಂಥ ಅನಿಲ ತುಂಬಿದ ಹಾಳುಬಾವಿಗೆ ಇಳಿದವರು ಸತ್ತರೆ ದೆವ್ವ ಹೊಡೆಯಿತು ಅನ್ನುತ್ತಿದ್ದರು. ಬುದ್ಧಿವಂತರು ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. ಆದರೆ ಆ ದೀಪವನ್ನೂ ಪೂರ್ತಿ ನಂಬುವ ಹಾಗಿಲ್ಲ. ಶೇ. 5 ಕಾರ್ಬನ್ ಡೈಆಕ್ಸೈಡ್ ಸೇರಿದರೂ ಆಮ್ಲಜನಕ ಶೇ. 20ರ ಆಸುಪಾಸಿನಲ್ಲೇ ಇರುತ್ತದೆ, ದೀಪ ಆರಾಮಾಗಿ ಉರಿಯುತ್ತದೆ. ಕೆಡುವುದು ನಮ್ಮ ಉಸಿರಾಟ. ಯಾಕೆಂದರೆ ಈ ಅನಿಲ ಆಮ್ಲಜನಕದ ಜಾಗ ಕಸಿಯುವುದಷ್ಟೇ ಅಲ್ಲ, ತಾನೇ ರಕ್ತವನ್ನು ಆಮ್ಲೀಯ ಮಾಡುತ್ತದೆ. ಮನೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆಯಲ್ಲ ಅಂತ ಸುಮ್ಮನಿರಬೇಡಿ, ಅದು ಇದಕ್ಕೆ ಕೂಗುವುದಿಲ್ಲ. ಡೈಆಕ್ಸೈಡ್‌ಗೆ ಬೇರೆಯೇ ಅಲಾರಂ ಸಿಗುತ್ತದೆ.